ರುಚಿ ನೋಡದೆ ಕೊಟ್ಟ ಐದು ನಕ್ಷತ್ರ

ಮಾವನ ಬೆರಳು ನನಗೆ ಈಗಲೂ ಕಾಣುತ್ತದೆ. ಮೊಬೈಲಿನ ಹಿಂದಿನ ದೀಪಕ್ಕೆ ಒತ್ತಿ ಹಿಡಿದ ಬಲಗೈಯ ತೋರುಬೆರಳು. ಬೆಳಕು ಹಾಯ್ದು ಅದು ಒಳಗಿನಿಂದಲೇ ಕೆಂಪಗೆ ಹೊಳೆಯುತ್ತಿತ್ತು. ಉಗುರಿನ ಅಂಚಿಗೆ ಕಡಲೆಹಿಟ್ಟು ಒಣಗಿ ಅಂಟಿತ್ತು. ಪರದೆಯ ಮೇಲಿನ ಹೃದಯದ ಚಿತ್ರ ಸ್ವಲ್ಪ ಹೊತ್ತು ಬಡಿದುಕೊಂಡು ಆಮೇಲೆ ಹಸಿರಾಯಿತು. ಕೆಳಗೆ ‘ನಾರ್ಮಲ್’ ಎಂದು ಮೂಡಿತು. ಮಾವ ಅದನ್ನು ನನ್ನ ಮುಖದ ಹತ್ತಿರ ತಂದು, “ನೋಡಿದೆಯಲ್ಲ? ನಿನ್ನ ಅತ್ತೆಗೆ ಹೇಳು,” ಎಂದರು. ಮತ್ತೆ ಬಾಣಲೆಯ ಕಡೆಗೆ ನಡೆದರು.

ಈಗಲೂ ಲೋಕಲ್ ಟ್ರೈನಿನಲ್ಲಿ ಯಾರಾದರೂ ಮೊಬೈಲಿನ ಹಿಂದೆ ಬೆರಳಿಟ್ಟು ಕೂತದ್ದು ಕಂಡರೆ ಅದನ್ನು ಕಿತ್ತುಕೊಂಡು ಕಿಟಕಿಯಿಂದ ಎಸೆಯಬೇಕು ಎನಿಸುತ್ತದೆ. ಅವರು ಬರೀ ಫೋಟೋ ನೋಡುತ್ತಿರಬಹುದು. ಆದರೂ ಎನಿಸುತ್ತದೆ. ಈ ಸಿಟ್ಟು ಇಳಿಯಬಾರದೆಂದೇ ಬರೆಯಲು ಕೂತಿದ್ದೇನೆ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಉಡುಪಿಯ ಕಡೆಯಿಂದ ಬಂದು, ಬೇರೆಯವರ ಹೋಟೆಲುಗಳಲ್ಲಿ ದುಡಿದು, ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಸ್ವಂತದ್ದೊಂದು ಸಸ್ಯಾಹಾರಿ ಹೋಟೆಲು ಹಾಕಿದವರು. ನಮ್ಮ ಮನೆ ಅಲ್ಲಿಂದ ಎರಡು ಗಲ್ಲಿ ಆಚೆ. ನಾನು ಕಲ್ಯಾಣದಲ್ಲಿ ಬಿ.ಕಾಂ. ಮುಗಿಸಿ, ವಾಶಿಯ ಸಗಟು ಮಾರುಕಟ್ಟೆಯ ಪಕ್ಕದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಶನಿವಾರ ಅರ್ಧ ದಿನ ಕೆಲಸ. ಆ ದಿನಗಳಲ್ಲಿ ಮಧ್ಯಾಹ್ನ ಮರಳಿದವಳು, ಅತ್ತೆ ಸ್ವಲ್ಪ ಅಡ್ಡಾಗಲಿ ಎಂದು ಸಂಜೆಯವರೆಗೆ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದೆ.

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೆ ಸ್ಟೇಷನ್ನಿನ ಸೇತುವೆ ಇಳಿದಲ್ಲಿ ಒಂದು ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಮೇಜು, ಒಂದು ಕಂಪ್ಯೂಟರು, ಅದರ ಹಿಂದೆ ಒಬ್ಬ ದಪ್ಪ ಮರಾಠಿ ಮನುಷ್ಯ. ಮೆಮೊರಿ ಕಾರ್ಡ್ ಕೊಟ್ಟರೆ ಹಾಡು, ಕ್ರಿಕೆಟ್ ಆಟ, ಬೈಕಿನ ಆಟ ತುಂಬಿಸಿ ಕೊಡುತ್ತಿದ್ದ. ಒಮ್ಮೆ ಅವನು ಹಾಕಿಕೊಟ್ಟ ಏನೋ ಒಂದರಿಂದ ನನ್ನ ತಮ್ಮನ ಫೋನು ಕೆಟ್ಟುಹೋಯಿತು. ಅಮ್ಮ ಹೋಗಿ ಜನ ಸೇರುವ ಹಾಗೆ ಜಗಳ ತೆಗೆದಳು. “ಮಾವಶಿ, ಶಾಂತ ವ್ಹಾ, ಶಾಂತ ವ್ಹಾ,” ಎನ್ನುತ್ತ ಅವನು ಅಲ್ಲೇ ಕೂತು ಸರಿಮಾಡಿಕೊಟ್ಟ. ಅವನಿಗೆ ಬೇರೆ ದಾರಿ ಇರಲಿಲ್ಲ. ಮರುದಿನವೂ ಅವನು ಅದೇ ಮೇಜಿನ ಹಿಂದೆ ಕೂರಬೇಕಿತ್ತು, ಅಮ್ಮ ಅದೇ ಸೇತುವೆ ಇಳಿಯಬೇಕಿತ್ತು.

ಆಮೇಲೆ ಸ್ಮಾರ್ಟ್‌ಫೋನು ಅಗ್ಗವಾಯಿತು. ಅಂಗಡಿ ಫೋನಿನ ಒಳಗೇ ಬಂತು. ಮೊದಮೊದಲು ಅದರಲ್ಲಿ ಏನೂ ಹೆಚ್ಚಿರಲಿಲ್ಲ. ನೋಡುನೋಡುತ್ತಲೇ ಟಾರ್ಚು, ದಿಕ್ಸೂಚಿ, ಜಾತಕ, ಭೂತ ಹುಡುಕುವ ಯಂತ್ರ, ಒಂದೇ ಕೆಲಸಕ್ಕೆ ನೂರಾರು ತರಹದ ಆ್ಯಪುಗಳು ರಾಶಿಬಿದ್ದವು. ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಒಬ್ಬಳು ಇನ್ನೊಬ್ಬಳಿಗೆ ಹಾಕಿಕೋ ಎನ್ನುವುದು, “ಫ್ರೀ ಹೈ, ಡಾಲ್ ದೇ ನಾ.” ದುಡ್ಡು ಕೊಡುವುದಿಲ್ಲವಾದ್ದರಿಂದ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಅಂಗಡಿಯವನ ಮುಖ ಇದ್ದ ಜಾಗದಲ್ಲಿ ಈಗ ನಕ್ಷತ್ರಗಳಿದ್ದವು. ಐದರಲ್ಲಿ ನಾಲ್ಕೂವರೆ ಇದ್ದರೆ ಒಳ್ಳೆಯ ಮಾಲು. ಕಲ್ಯಾಣದ ಮಂಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡದೆ ಒಂದು ಕಿಲೋ ಕೊಳ್ಳದ ನನ್ನ ಮಾವ ಕೂಡ ನಕ್ಷತ್ರ ನೋಡಿ ಹೆಬ್ಬೆರಳು ಒತ್ತುತ್ತಿದ್ದರು.

ನಮ್ಮ ಹೋಟೆಲಿನವರಲ್ಲಿ ಒಂದು ರೂಢಿ ಇದೆ. ನಮ್ಮವರು ಯಾರಾದರೂ ಹೊಸ ಹೋಟೆಲು ತೆರೆದರೆ ಮೊದಲ ದಿನ ಥಾಣೆಯಿಂದ ಕಲ್ಯಾಣದವರೆಗಿನವರೆಲ್ಲ ಹೆಂಡತಿ ಮಕ್ಕಳ ಸಮೇತ ಹೋಗಿ ಟೇಬಲ್ ತುಂಬಿಸಬೇಕು. ರಸ್ತೆಯಲ್ಲಿ ಹಾದುಹೋಗುವ ಗಿರಾಕಿ ಒಳಗಿನ ಜನ ನೋಡಿ ಕಾಲಿಡುತ್ತಾನೆ. ನಾನೂ ಚಿಕ್ಕವಳಿದ್ದಾಗ ಹಾಗೆ ಎಷ್ಟೋ ಹೋಟೆಲುಗಳಲ್ಲಿ ಹಸಿವಿಲ್ಲದೆ ಮಸಾಲೆ ದೋಸೆ ತಿಂದಿದ್ದೇನೆ. ಅದು ಮೋಸವೆಂದು ಯಾರಿಗೂ ಅನಿಸಲಿಲ್ಲ. ಈಗಲೂ ನನಗೆ ಅನಿಸುವುದಿಲ್ಲ, ಯಾಕೆಂದರೆ ನಾವು ತಿನ್ನುತ್ತಿದ್ದೆವು. ಸಾಂಬಾರು ಹಳಸಿದ್ದರೆ ನಮ್ಮ ನಾಲಗೆಗೇ ಮೊದಲು ಗೊತ್ತಾಗುತ್ತಿತ್ತು. ಕೈ ತೊಳೆಯುವಾಗ ಹಿರಿಯರೊಬ್ಬರು ಯಜಮಾನನನ್ನು ಬದಿಗೆ ಕರೆದು, “ಚಟ್ನಿಗೆ ಉಪ್ಪು ಸಾಲದು ಮಾರಾಯ, ನಾಳೆ ನೋಡಿಕೋ,” ಎಂದು ಕಿವಿಯಲ್ಲಿ ಹೇಳಿ ಹೋಗುತ್ತಿದ್ದರು.

ಒಂದು ವರ್ಷ ನಮ್ಮ ಹೋಟೆಲಿನವರ ಸಂಘದ ಸತ್ಯನಾರಾಯಣ ಪೂಜೆ ವಾಶಿಯ ಒಂದು ಹಾಲಿನಲ್ಲಿ ನಡೆಯಿತು. ಮಂಗಳಾರತಿ ಆಗಿ ಊಟಕ್ಕೆ ಏಳುವ ಮೊದಲು ಅಧ್ಯಕ್ಷರು ಮೈಕ್ ಹಿಡಿದರು. ಪಕ್ಕದಲ್ಲಿ ಬಿಳಿ ಶರ್ಟು ಹಾಕಿದ ಒಬ್ಬ ಯುವಕ. ನಮಗೆ ದೂರದ ಸಂಬಂಧಿಕ, ಇಲ್ಲೇ ಹುಟ್ಟಿ ಬೆಳೆದವನು.

“ಇವ ನಮ್ಮ ಹುಡುಗ,” ಎಂದರು ಅಧ್ಯಕ್ಷರು. “ಥಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ವಂತ ಕಂಪನಿ ಹಾಕಿದ್ದಾನೆ. ಹೋಟೆಲಲ್ಲ ಮಾರಾಯ್ರೆ, ಮೊಬೈಲಿಂದು! ಬೆರಳಿಟ್ರೆ ಸಾಕು, ಬಿ.ಪಿ. ಹೇಳ್ತದೆ. ಈಗ ಎಲ್ಲರೂ ಫೋನ್ ಹೊರಗೆ ತೆಗೀರಿ. ಹೊಸ ಹೋಟೆಲಿಗೆ ಟೇಬಲ್ ತುಂಬಿಸ್ಲಿಕ್ಕೆ ಹೋಗುದಿಲ್ವಾ? ಹಾಗೇ ಇಲ್ಲಿ ಐದೈದು ಸ್ಟಾರ್ ಕೊಡ್ಬೇಕು. ಕೊಡದವರಿಗೆ ಪಾಯಸ ಇಲ್ಲ!”

ಎಲ್ಲರೂ ನಕ್ಕರು. ಸಾಲುಸಾಲಾಗಿ ಫೋನುಗಳು ಹೊರಬಂದವು.

“ನಂಗೆ ಸ್ಟಾರ್ ಎಲ್ಲುಂಟು ಅಂತ್ಲೇ ಗೊತ್ತಿಲ್ಲ ಮಗಾ,” ಎಂದರು ನನ್ನ ಮುಂದಿನ ಸಾಲಿನ ಅಜ್ಜಿಯೊಬ್ಬರು.

“ಆಂಟಿ, ಫೋನ್ ದೀಜಿಯೆ, ಮೈ ಕರ್ ದೇತಾ ಹೂಂ,” ಎಂದು ಆ ಯುವಕ ತಾನೇ ಕೈಚಾಚಿದ. ಹೀಗೆ ಸಾಲಿನಿಂದ ಸಾಲಿಗೆ ಹೋಗಿ, ಅವರವರ ಫೋನಿನಲ್ಲಿ ತನಗೆ ತಾನೇ ನಕ್ಷತ್ರ ಒತ್ತಿಕೊಂಡ. ನನ್ನ ಫೋನಿನಲ್ಲಿ ಜಾಗವಿಲ್ಲದೆ ಆ್ಯಪು ಇಳಿಯಲಿಲ್ಲ, ಅಷ್ಟೇ; ಇಲ್ಲದಿದ್ದರೆ ನಾನೂ ಕೊಡುತ್ತಿದ್ದೆ. ಮಾವ ನಕ್ಷತ್ರದ ಜೊತೆಗೆ ಎರಡು ಸಾಲು ಬರೆದೂಬಿಟ್ಟರು: ಬಹಳ ಉಪಯುಕ್ತ, ಎಲ್ಲರೂ ಬಳಸಬೇಕು. ಬೆರಳಿಟ್ಟು ನೋಡಿದ್ದು ಪಾಯಸವಾದ ಮೇಲೆ.

ಮಾವನಿಗೆ ಬಿ.ಪಿ. ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಡಾಕ್ಟರು ಕೊಟ್ಟಿದ್ದ ಮಾತ್ರೆಗಳಲ್ಲಿ ಒಂದನ್ನು ತೆಗೆದುಕೊಂಡರೆ ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು. ಊಟದ ಗದ್ದಲದಲ್ಲಿ ಗಲ್ಲಾ ಬಿಟ್ಟು ಏಳುವುದು ಅವರಿಗೆ ದೊಡ್ಡ ಕಿರಿಕಿರಿ. ಈಗ ಜೇಬಿನಲ್ಲೇ ಒಬ್ಬ ಡಾಕ್ಟರು ಸಿಕ್ಕಿದ್ದ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಯಾರಾದರೂ ಗಿರಾಕಿ ಜಗಳವಾಡಿ ಹೋದರೆ ಇನ್ನೊಮ್ಮೆ ಬೆರಳಿಡುತ್ತಿದ್ದರು. ಪ್ರತಿ ಸಲವೂ ಹಸಿರು. ಮೊದಲು ಮೂತ್ರದ ಮಾತ್ರೆ ನಿಂತಿತು, ಆಮೇಲೆ ಉಳಿದದ್ದೂ ನಿಂತಿತು.

“ಮಾತ್ರೆ ತಕೊಂಡ್ರಾ?” ಎಂದು ಅತ್ತೆ ಅಡುಗೆಮನೆಯಿಂದ ಕೇಳುವುದು.

“ಎಂತಕ್ಕೆ? ನಾರ್ಮಲ್ ಉಂಟಲ್ಲ.”

“ಆ ಡಬ್ಬಿ ಹೇಳಿದ್ರೆ ಆಯ್ತಾ? ಡಾಕ್ಟ್ರು ಹೇಳ್ಬೇಡ್ವಾ?”

“ನಿನ್ನ ಡಾಕ್ಟ್ರಿಗೆ ಎಷ್ಟು ಸ್ಟಾರ್ ಉಂಟು ಕೇಳಿ ಬಾ. ಇದಕ್ಕೆ ನಾಲ್ಕೂವರೆ!”

ನಾವು ನಗುತ್ತಿದ್ದೆವು. ಅತ್ತೆಯೂ ನಗುತ್ತಿದ್ದರು. ಆ ನಾಲ್ಕೂವರೆಯಲ್ಲಿ ಒಂದು ಪಾಲು ಸ್ವತಃ ಮಾವನದ್ದು, ಒಂದು ಪಾಲು ಫೋನನ್ನು ಅವನ ಕೈಗೆ ಕೊಟ್ಟ ಆ ಅಜ್ಜಿಯದ್ದು ಎಂದು ಯಾರಿಗೂ ಹೊಳೆಯಲಿಲ್ಲ.

ಆ ಶನಿವಾರ ಹೋಟೆಲಿನಲ್ಲಿ ವಡೆ ಕರಿಯುವ ಭಟ್ಟರು ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದರು. ಸಂಜೆಯ ಟ್ರೈನುಗಳು ಬರುವ ಹೊತ್ತಿಗೆ ಬಟಾಟೆ ವಡೆ ಸಿದ್ಧವಿರಬೇಕು. ಮಾವನೇ ಬಾಣಲೆಯ ಮುಂದೆ ನಿಂತರು. ಸ್ವಲ್ಪ ಹೊತ್ತಿಗೆ ಕುತ್ತಿಗೆಯ ಹಿಂದೆ ಒತ್ತಿಕೊಳ್ಳುತ್ತ ಗಲ್ಲಾದ ಹತ್ತಿರ ಬಂದರು. “ತಲೆ ಸಿಡಿತದೆ ಮಾರಾಯ್ತಿ. ಕಣ್ಣ ಎದುರು ಎಂತದೋ ಮಿಣಮಿಣ.”

“ಡಾಕ್ಟರ ಹತ್ತಿರ ಹೋಗಿ ಬನ್ನಿ ಮಾವ. ನಾನಿದ್ದೇನಲ್ಲ.”

“ತಡಿ,” ಎಂದು ಪಂಚೆಗೆ ಕೈ ಒರೆಸಿಕೊಂಡು ಫೋನು ತೆಗೆದರು. ಬೆರಳಿಟ್ಟರು. ಉಳಿದದ್ದನ್ನು ಮೊದಲೇ ಹೇಳಿದ್ದೇನೆ.

ಒಬ್ಬ ಗಿರಾಕಿಗೆ ಚಿಲ್ಲರೆ ಕೊಟ್ಟು ತಲೆ ಎತ್ತಿದೆ. ಮಾವನ ಕೈಯಲ್ಲಿದ್ದ ಜಾಲರಿ ಸೌಟು ಎಣ್ಣೆಯೊಳಗೆ ಮುಳುಗುತ್ತಿತ್ತು. ಅದು ಜಾರಿದ್ದೂ ಅವರಿಗೆ ತಿಳಿದಿರಲಿಲ್ಲ. ಕೈ ಸೌಟು ಹಿಡಿದ ಹಾಗೆಯೇ ಗಾಳಿಯಲ್ಲಿತ್ತು, ಬೆರಳುಗಳು ಮಾತ್ರ ಬಿಚ್ಚಿಕೊಂಡಿದ್ದವು. ಅವರು ನನ್ನ ಕಡೆ ನೋಡಿದರು. ಮುಖದ ಒಂದು ಬದಿ ಕೆಳಗೆ ಇಳಿದಿತ್ತು. ಏನೋ ಹೇಳಲು ಹೊರಟರು, ಬಾಯಿಂದ ಮಾತಲ್ಲದ ಏನೋ ಬಂತು. ಆಮೇಲೆ ಇಡೀ ದೇಹ ನಿಧಾನವಾಗಿ ಮುಂದಕ್ಕೆ, ಆ ಕುದಿಯುವ ಎಣ್ಣೆಯ ಕಡೆಗೆ ವಾಲಿತು.

ಪ್ಲೇಟು ಎತ್ತುತ್ತಿದ್ದ ವೇಟರ್ ಹಿಂದಿನಿಂದ ಅವರ ಬನಿಯನ್ನು ಹಿಡಿದು ಎಳೆದ. ಇಬ್ಬರೂ ಹಿಂದಕ್ಕೆ ಬಿದ್ದರು. ಬಾಣಲೆ ಅಲುಗಾಡಿ ಎಣ್ಣೆ ಒಲೆಯ ಮೇಲೆ ಚೆಲ್ಲಿತು, ಬೆಂಕಿ ಭಗ್ಗೆಂದು ಮೇಲೆದ್ದಿತು. ನಾನು ಓಡಿಹೋಗಿ ಗ್ಯಾಸು ಬಂದ್ ಮಾಡಿದೆನಂತೆ. ನನಗೆ ಅದು ನೆನಪಿಲ್ಲ. ವಾಲುತ್ತಿದ್ದ ದೇಹ ಮಾತ್ರ ನೆನಪಿದೆ. ಎಷ್ಟೋ ಸಲ ಕಣ್ಣು ಮುಚ್ಚಿದರೆ ಆ ಬನಿಯನ್ ಹರಿದುಹೋಗುತ್ತದೆ, ವೇಟರನ ಕೈಯಲ್ಲಿ ಬರೀ ಬಟ್ಟೆಯ ಚೂರು ಉಳಿಯುತ್ತದೆ.

ರಿಕ್ಷಾದಲ್ಲಿ, ಸುದ್ದಿ ತಿಳಿದು ಓಡಿಬಂದ ಅತ್ತೆ ಒಂದು ಬದಿ, ನಾನು ಒಂದು ಬದಿ, ಮಾವನ ತಲೆ ನನ್ನ ಹೆಗಲ ಮೇಲೆ. ರಸ್ತೆ ತುಂಬ ಹಾರ್ನು. ಆಗ ನಾನೇನು ಮಾಡಿದೆ ಗೊತ್ತೆ? ಅವರ ಬನಿಯನ್ನಿನ ಜೇಬಿನಿಂದ ಫೋನು ತೆಗೆದು, ಜೋತುಬಿದ್ದ ಅದೇ ಬೆರಳನ್ನು ದೀಪದ ಮೇಲೆ ಒತ್ತಿ ಹಿಡಿದೆ. ಕೈಗೆ ಸಿಕ್ಕಿದ್ದು ಅದೊಂದೇ. ಮೊದಲು ಜಾಹೀರಾತು ಬಂತು. ಬಣ್ಣಬಣ್ಣದ ಮಿಠಾಯಿಗಳು ಸಿಡಿಯುವ ಯಾವುದೋ ಆಟ. ಅದನ್ನು ಮುಚ್ಚುವ ಗುರುತು ಎಳ್ಳಿನಷ್ಟಿತ್ತು, ಎಷ್ಟು ಒತ್ತಿದರೂ ಬೆರಳಿಗೆ ಸಿಗಲಿಲ್ಲ. ಅದು ಮುಗಿಯುವವರೆಗೆ ಕಾದೆವು. ಹೃದಯ ಬಡಿದುಕೊಂಡಿತು. ಹಸಿರಾಯಿತು. ನಾರ್ಮಲ್.

ಆಸ್ಪತ್ರೆಯಲ್ಲಿ ನರ್ಸ್ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿಸಿದಳು. ನಂಬಿಕೆಯಾಗದೆ ಮತ್ತೆ ತುಂಬಿಸಿದಳು. ಇನ್ನೂರರ ಮೇಲಿತ್ತು. “ಗೋಲಿ ಕಬ್ ಸೆ ಬಂದ್ ಹೈ?” ಎಂದು, ಮಾತ್ರೆ ನಿಲ್ಲಿಸಿ ಎಷ್ಟು ದಿನವಾಯಿತೆಂದು ಡಾಕ್ಟರು ಗದರಿದರು. ನಾನು ಫೋನು ಚಾಚಿದೆ. ಅವರು ಒಂದು ಕ್ಷಣ ನೋಡಿ, “ಯೆ ತೋ ಖಿಲೋನಾ ಹೈ,” ಎಂದು ನನ್ನ ಕೈಗೇ ವಾಪಸು ಕೊಟ್ಟು ಒಳಗೆ ಹೋದರು.

ಆಟಿಕೆ. ಮಾವ ಬದುಕಿಕೊಂಡರು. ಬಲಗೈ ಮೇಲೇಳುವುದಿಲ್ಲ. ಮಾತು ತೊದಲುತ್ತದೆ.

ಅವರು ಮನೆಗೆ ಬಂದ ಮೇಲೆ ಒಂದು ದಿನ ರಜೆ ಹಾಕಿ ವಾಗ್ಳೆ ಎಸ್ಟೇಟಿಗೆ ಹೋದೆ. ಕೆಳಗೆ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ, ಮೇಲೆ ಎ.ಸಿ. ಹಾಕಿದ ಅವನ ಆಫೀಸು. ಅವನು ಎದ್ದು ಬಂದು ಕುರ್ಚಿ ಎಳೆದ, ಚಹಾ ತರಿಸಿದ.

“ಅಕ್ಕ, ಮಾಮಾಂದು ಕೇಳಿ ಬಹಳ ಬೇಜಾರಾಯ್ತು. ಸಚ್ಚಿ.”

“ಅದು ಬಿ.ಪಿ. ಅಳೆಯುವುದು ಹೇಗೆ? ಅದೊಂದು ಹೇಳು.”

ಅವನು ಬಾಗಿಲಿನ ಕಡೆ ನೋಡಿದ. “ಅಳೆಯುದಿಲ್ಲ ಅಕ್ಕ. ಒಂದು ರೇಂಜ್ ಇಟ್ಟಿದ್ದೇವೆ. ಅದರೊಳಗೆ ಯಾವ್ದಾದ್ರೂ ಒಂದು ನಂಬರ್ ಬರ್ತದೆ. ನಮ್ದು ಲವ್ ಮೀಟರ್ ಉಂಟಲ್ಲ, ಹುಡುಗ ಹುಡುಗಿ ಹೆಸ್ರು ಹಾಕುದು? ಸೇಮ್ ಕೋಡ್.”

“ಯಾವಾಗಲೂ ನಾರ್ಮಲ್ ಯಾಕೆ?”

“ಮೊದ್ಲು ಹೈ ಕೂಡ ತೋರಿಸ್ತಿತ್ತು. ಲೋಗ್ ಘಬ್ರಾ ಗಯೇ. ಸಿಟ್ಟಲ್ಲಿ ಒಂದು ಸ್ಟಾರ್, ಎರಡು ಸ್ಟಾರ್. ರ‍್ಯಾಂಕ್ ಬಿತ್ತು. ನಾರ್ಮಲ್ ಅಂದ್ರೆ ಖುಷ್ ಆಗ್ತಾರೆ, ಐದು ಕೊಡ್ತಾರೆ, ಮತ್ತೆ ಮತ್ತೆ ನೋಡ್ತಾರೆ.” ಮತ್ತೆ ಮತ್ತೆ ನೋಡಿದಷ್ಟೂ ಜಾಹೀರಾತು ಓಡುತ್ತದೆ. ಅದನ್ನು ಅವನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. “ಆದ್ರೆ ಕೆಳಗೆ ಬರೆದಿದ್ದೇವಲ್ಲ ಅಕ್ಕ, ಮನರಂಜನೆಗೆ ಮಾತ್ರ ಅಂತ.”

ನಿಜ, ಬರೆದಿದ್ದ. ‘ಇನ್ನಷ್ಟು ಓದಿ’ ಎಂಬುದನ್ನು ಒತ್ತಿ, ಅಷ್ಟುದ್ದ ಹೊಗಳಿಕೆ ದಾಟಿ, ತೀರಾ ಕೆಳಗೆ.

“ಮನರಂಜನೆಯಾದರೆ ಆರೋಗ್ಯದ ಸಾಲಿನಲ್ಲಿ ಯಾಕೆ ಇಟ್ಟೆ?”

“ಮನರಂಜನೆಯಲ್ಲಿ ಕಾಂಪಿಟಿಷನ್ ಜಾಸ್ತಿ.”

ಇಷ್ಟನ್ನೂ ಅವನು ಸಣ್ಣ ದನಿಯಲ್ಲಿ, ಸೌಜನ್ಯದಿಂದಲೇ ಹೇಳಿದ. “ತೆಗೆದುಹಾಕು,” ಎಂದೆ. “ನಾನು ತೆಗೆದ್ರೆ ಇನ್ನೊಬ್ಬ ಹಾಕ್ತಾನೆ ಅಕ್ಕ. ಮತ್ತೆ ಆ್ಯಪ್ ಸ್ಟೋರಿನವರೇ ಪಾಸ್ ಮಾಡಿದ್ದಾರಲ್ಲ?” ಎಂದ. ಚಹಾ ಮುಟ್ಟದೆ ಎದ್ದು ಬಂದೆ. ಮೆಟ್ಟಿಲಿಳಿದು ಕೆಳಗಿನ ಕಾರ್ಖಾನೆಯ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತುಬಿಟ್ಟೆ.

ಹೌದು, ಸ್ಟೋರಿನವರು ಪಾಸ್ ಮಾಡಿದ್ದರು. ಪಾಸ್ ಮಾಡಿ, ಮೇಲಿನ ಸಾಲಿನಲ್ಲಿ ಇಟ್ಟು, ಹೃದಯದ ಚಿತ್ರಕ್ಕೆ ಬೆಳಕು ಹಾಕಿ ತೋರಿಸಿದ್ದರು. ಆ ಅಂಗಡಿಗೆ ದೂರು ಕೊಡಲು ಹೋದರೆ ಒಂದು ಪಟ್ಟಿ ಬರುತ್ತದೆ: ಅಶ್ಲೀಲವೆ, ಹಿಂಸೆಯೆ, ನಕಲೆ, ಇತರೆಯೆ? ಒಬ್ಬ ಮನುಷ್ಯ ಇದನ್ನು ನಂಬಿ ಕುದಿಯುವ ಎಣ್ಣೆಗೆ ಬೀಳುವುದರಲ್ಲಿದ್ದ ಎನ್ನುವುದಕ್ಕೆ ಜಾಗವಿರಲಿಲ್ಲ. ‘ಇತರೆ’ ಒತ್ತಿದೆ. ಅಭಿಪ್ರಾಯ ತಿಳಿಸಿದ್ದಕ್ಕೆ ಧನ್ಯವಾದ ಎಂದಿತು. ಗಲ್ಲಾ ಇರುವ ಅಂಗಡಿ, ಗಲ್ಲಾದ ಹಿಂದೆ ಯಾರೂ ಇಲ್ಲ. ನನ್ನ ಅಮ್ಮನಿಗೆ ಜಗಳ ತೆಗೆಯಲು ಒಂದು ಮುಖವಾದರೂ ಇತ್ತು.

ಆದರೆ ನಮ್ಮವರ ಮುಖಗಳು ಇದ್ದವಲ್ಲ. ಅವರ ಫೋನುಗಳಲ್ಲಿ ಅದು ಇನ್ನೂ ಇತ್ತು, ಅರ್ಧಕ್ಕರ್ಧ ಜನ ಬಿ.ಪಿ.ಯವರು. ಸಂಘದ ಮುಂದಿನ ಸಭೆಗೆ ಹೋದೆ. ಉಪಾಹಾರ ನಡೆಯುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಅಧ್ಯಕ್ಷರು ತಾಳ್ಮೆಯಿಂದ ಕೇಳಿದರು.

“ನೀನು ಓದಿದವಳು, ಸ್ವಲ್ಪ ವಿಚಾರ ಮಾಡು. ನಮ್ಮ ಹುಡುಗನ ಹೊಟ್ಟೆ ಮೇಲೆ ಹೊಡಿಲಿಕ್ಕಾಗ್ತದಾ? ಕೊಟ್ಟ ಸ್ಟಾರ್ ವಾಪಸ್ ತಕೊಳ್ಳುದು ಅಂದ್ರೆ ಬಡಿಸಿದ ಎಲೆ ಎಳೆದ ಹಾಗೆ. ಮಾವನದ್ದು ಗ್ರಹಚಾರ.”

ಅವರ ತಟ್ಟೆಯಿಂದ ಒಂದು ಇಡ್ಲಿ ಎತ್ತಿಕೊಂಡೆ. ಮೇಜಿನ ಮೇಲಿದ್ದ ಅವರದೇ ಫೋನು ತೆಗೆದು, ಆ ಆ್ಯಪು ತೆರೆದು, ದೀಪದ ಮೇಲೆ ಇಡ್ಲಿ ಒತ್ತಿ ಹಿಡಿದೆ. ಇಡ್ಲಿಯ ಅಂಚು ಹೊಳೆಯಿತು. ಹೃದಯ ಬಡಿದುಕೊಂಡು ಹಸಿರಾಯಿತು. ಎತ್ತಿ ಎಲ್ಲರಿಗೂ ತೋರಿಸಿದೆ.

ಹಿಂದಿನಿಂದ ಯಾರೋ, “ಉದ್ದು ಹದವಾಗಿ ಬಿದ್ದದೆ ಭಟ್ರೆ, ಇಡ್ಲಿಗೆ ಟೆನ್ಷನ್ನೇ ಇಲ್ಲ!” ಎಂದರು. ಹಾಲು ತುಂಬ ನಗು. ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಆ ಇಡ್ಲಿಯನ್ನು ಅವರ ಮುಖಕ್ಕೆ ಎಸೆಯಬೇಕೆನಿಸಿತು.

“ನಗಿ,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಮಾವನೂ ನಾರ್ಮಲ್ ಇದ್ದುಕೊಂಡೇ ಬಿದ್ದದ್ದು. ರಿಕ್ಷಾದಲ್ಲಿ ಬಾಯಿ ಸೊಟ್ಟಗಾಗಿ ಮಲಗಿದ್ದಾಗಲೂ ನಾರ್ಮಲ್. ಇಲ್ಲಿ ಯಾರು ಯಾರು ಮಾತ್ರೆ ಬಿಟ್ಟಿದ್ದೀರಿ, ಹೇಳಿ.”

ಒಬ್ಬ ಹೆಂಗಸು ತಮ್ಮ ಗಂಡನ ಕಡೆ ತಿರುಗಿ ನೋಡಿದ ರೀತಿಯಿಂದಲೇ ಉತ್ತರ ತಿಳಿಯಿತು. ಅವರೇ ಮೊದಲು ಎದ್ದು, ಗಂಡನ ಜೇಬಿನಿಂದ ಫೋನು ಕಿತ್ತು ನನ್ನ ಕೈಗಿಟ್ಟರು. “ತೆಗಿ ಮಾರಾಯ್ತಿ ಆ ಪೀಡೆ.” ಆಮೇಲೆ ಇನ್ನೊಬ್ಬರು ಬಂದರು. ಐದನ್ನು ಒಂದು ಮಾಡಿ, ಆ್ಯಪು ಅಳಿಸಿ, ವಾಪಸು ಕೊಡುತ್ತ ಹೋದೆ. ಎಲ್ಲರೂ ಕೊಡಲಿಲ್ಲ. ಅಧ್ಯಕ್ಷರು ಇಡ್ಲಿಯ ಹಿಟ್ಟು ಒರೆಸಿಕೊಂಡು ಫೋನನ್ನು ಜೇಬಿಗೆ ಹಾಕಿಕೊಂಡರು.

ಕೆಲವು ವಾರಗಳ ಮೇಲೆ ಅದು ಸ್ಟೋರಿನಿಂದ ಮಾಯವಾಯಿತು. ನಮ್ಮ ಒಂದು ನಕ್ಷತ್ರಗಳಿಂದಲೋ, ನನ್ನ ‘ಇತರೆ’ಯಿಂದಲೋ ಗೊತ್ತಿಲ್ಲ. ಇನ್ನೂ ಕೆಲವು ವಾರಗಳ ಮೇಲೆ ಹೆಸರು ಬದಲಿಸಿ, ಹೃದಯಕ್ಕೆ ನೀಲಿ ಬಣ್ಣ ಬಳಿದುಕೊಂಡು ಬಂತು. ಅದೇ ಬೆರಳು, ಅದೇ ದೀಪ. ಮಾವನ ಫೋನಿನಲ್ಲಿ ಸ್ಟೋರು ತಾನಾಗಿ ಅದನ್ನು ಮುಂದಿಟ್ಟಿತು. ನಿಮಗೆ ಇಷ್ಟವಾಗಬಹುದು ಎಂದಿತು. ಅವನು ಸುಳ್ಳು ಹೇಳಿರಲಿಲ್ಲ, ಇನ್ನೊಬ್ಬ ಹಾಕುತ್ತಾನೆ. ಆ ಇನ್ನೊಬ್ಬ ಅವನೇ ಆಗಿರಬಹುದು.

ನಾನು ಹೊಸ ಬಿ.ಪಿ. ಯಂತ್ರ ತಂದೆ. ಈಗ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಮಾವನ ಎಡತೋಳಿಗೆ ಅದರ ಪಟ್ಟಿ ಸುತ್ತುವುದು ನನ್ನ ಕೆಲಸ. ಮೊದಲ ದಿನ ಅವರು ಕೈಯನ್ನು ಎದೆಗೆ ಅವುಚಿಕೊಂಡು ಕೊಡಲೇ ಇಲ್ಲ. ತೊದಲುತ್ತ, ಒಂದೊಂದೇ ಅಕ್ಷರ ಹುಡುಕಿ ಕೇಳಿದರು, “ಇದು... ನಮ್ಮವ್ರು ಮಾಡಿದ್ದಾ?”

“ಅಲ್ಲ ಮಾವ.”

ಮತ್ತೂ ಸ್ವಲ್ಪ ಹೊತ್ತು ಯಂತ್ರವನ್ನೇ ನೋಡಿದರು. ಆಮೇಲೆ ಕೈ ಚಾಚಿದರು. ಪಟ್ಟಿ ಬಿಗಿಯಿತು, ಸಡಿಲವಾಯಿತು, ಅಂಕಿ ಮೂಡಿತು. ಎಷ್ಟು ಎಂದು ಹುಬ್ಬು ಎತ್ತಿದರು. ಜಾಸ್ತಿ ಇತ್ತು. ಜಾಸ್ತಿ ಇದೆ ಎಂದೇ ಹೇಳಿ ಮಾತ್ರೆ ಕೊಟ್ಟೆ. ಅವರು ಬೈದುಕೊಂಡು ನುಂಗಿದರು.